ಅಡಗುದಾಣದಿಂದ ಬಯಲಿಗೆ

ನನ್ನ ಅಜ್ಜನಿಗೂ ಅವರ ಬಾಲ್ಯದ ಗೆಳೆಯರೊಬ್ಬರಿಗೂ ನಡುವೆ ಒಂದು ವಾದವಿತ್ತು. 1942ರ ಮಳೆಗಾಲದ ಒಂದು ರಾತ್ರಿ ಹುಟ್ಟಿದ ಆ ವಾದ ಇಬ್ಬರೂ ಮುದುಕರಾಗುವವರೆಗೆ ಮುಗಿಯಲಿಲ್ಲ. ಅಜ್ಜನ ಮನೆ ಸಿದ್ದಾಪುರದ ಸೀಮೆಯಲ್ಲಿ, ಅಡಕೆ ತೋಟದ ಮೇಲಣ ದಿಬ್ಬದಲ್ಲಿ. ಗೆಳೆಯರೂ ಅದೇ ಊರಿನವರೇ. 1932ರಲ್ಲಿ ಕರ ಕೊಡಲೊಲ್ಲೆನೆಂದು ಮಾಮಲೇದಾರರ ಎದುರಿಗೇ ಹೇಳಿ, ಜಮೀನು ಲಿಲಾವಾದಾಗ ಯಲ್ಲಾಪುರದ ಕಡೆಯ ಮಾವನ ಮನೆಗೆ ಹೋದವರು, ಭೂಮಿ ಮರಳಿದ ಮೇಲೂ ಅಲ್ಲಿಯೇ ಉಳಿದರು. ವರ್ಷಕ್ಕೆರಡು ಸಲ ಬಂದಾಗ ಕವಳದ ತಟ್ಟೆಯನ್ನು ನಡುವೆ ಇಟ್ಟುಕೊಂಡು ಇಬ್ಬರೂ ಜಗಲಿಯಲ್ಲಿ ಕೂಡುತ್ತಿದ್ದರು. ಊರಿನ ಸುದ್ದಿ ಮುಗಿದ ಮೇಲೆ ಮಾತು ತಪ್ಪದೆ ಆ ರಾತ್ರಿಗೆ ಹೊರಳುತ್ತಿತ್ತು. ಹುಡುಗನಾಗಿದ್ದ ನಾನು ಕಂಬಕ್ಕೆ ಒರಗಿ ಕೇಳುತ್ತಿದ್ದೆ.

ನಡೆದದ್ದು ಇಷ್ಟು. ಪೋಲೀಸರು ಹುಡುಕುತ್ತಿದ್ದ ತರುಣನೊಬ್ಬ ಮಳೆಯಲ್ಲಿ ನೆನೆದು ಅಜ್ಜನ ಬಾಗಿಲಿಗೆ ಬಂದ. ಅವನಿಗೆ ಉಣಬಡಿಸಿ, ಅಡಕೆ ಮೂಟೆಗಳ ಹಿಂದೆ ಅಟ್ಟದ ಮೇಲೆ ಮಲಗಿಸಿದರು. ಬೆಳಗಾಗುತ್ತಲೇ ಪೋಲೀಸ ಪಾಟೀಲ ಬಂದು ವಿಚಾರಿಸಿದಾಗ, ಯಾರೂ ಬಂದಿಲ್ಲವೆಂದು ಅಜ್ಜ ಹೇಳಿದರು. ಹುಡುಗ ಪಾರಾದ. ಆದರೆ ಗೆಳೆಯರಿಗೆ ಆ ಸುಳ್ಳು ಸಹನೆಯಾಗಲಿಲ್ಲ. ಹತ್ತು ವರ್ಷಗಳ ಹಿಂದೆ ಸರಕಾರದ ಮುಖಕ್ಕೆ ಸತ್ಯವನ್ನು ಹೇಳಿ ಹೊಲಮನೆ ಕಳೆದುಕೊಂಡವರು ನಾವು. ಇಂದು ಅಟ್ಟದ ಕತ್ತಲೆಯಲ್ಲಿ ಸತ್ಯವನ್ನು ಬಚ್ಚಿಟ್ಟರೆ ಅಂದು ಪಟ್ಟ ಪಾಡಿಗೆ ಅರ್ಥವೇನು ಉಳಿಯಿತೆಂಬುದು ಅವರ ಪ್ರಶ್ನೆ. ಅಂದು ಪಣಕ್ಕಿಟ್ಟದ್ದು ನಮ್ಮದೇ ಭೂಮಿ, ಇಂದು ಪಣಕ್ಕಿದ್ದದ್ದು ಪರರ ಮಗನ ಕೊರಳು ಎಂಬುದು ಅಜ್ಜನ ಉತ್ತರ.

ಮುಂದೆ ನಾನು ಶಿರಸಿಯಲ್ಲಿ ಅಧ್ಯಾಪಕನಾಗಿ ಬಹುಕಾಲ ಕಳೆದೆ. ಚರ್ಚಾಕೂಟಗಳಲ್ಲಿ ವಿದ್ಯಾರ್ಥಿಗಳು ಸಾಧ್ಯ ಹಾಗೂ ಸಾಧನಗಳ ವಿಷಯ ಎತ್ತಿದಾಗಲೆಲ್ಲ ಜಗಲಿಯ ಈ ವಾದ ನೆನಪಾಗುತ್ತಿತ್ತು. ಅದರ ಹಿಂದೆಯೇ ಒಬ್ಬ ಮಹನೀಯರ ಬಾಳೂ ಕಣ್ಣೆದುರು ನಿಲ್ಲುತ್ತಿತ್ತು. ಅವರು ರಂಗನಾಥ ರಾಮಚಂದ್ರ ದಿವಾಕರರು. ಅಜ್ಜ ಮತ್ತು ಅವರ ಗೆಳೆಯರು ಒಂದು ಮನೆಯ ಅಟ್ಟದ ಮಟ್ಟಿಗೆ ಅನುಭವಿಸಿದ ಸಂಕಟವನ್ನು ದಿವಾಕರರು ಒಂದು ನಾಡಿನ ಮಟ್ಟಿಗೆ, ಒಡನಾಡಿಗಳ ನಡುವೆ ನಿಂತು, ಎರಡು ವರ್ಷ ಅನುಭವಿಸಿದರು. ಇಂದಿನ ತರುಣರು ಅವರನ್ನು ಪತ್ರಿಕೆಯ ಸ್ಥಾಪಕರೆಂದೋ ರಾಜ್ಯಪಾಲರೆಂದೋ ಬಲ್ಲರು. ನಾನು ಹೇಳಬೇಕೆಂದಿರುವುದು ಆ ಎರಡು ವರ್ಷಗಳ ಮಾತು.

ದಿವಾಕರರು 1894ರ ಸಪ್ಟಂಬರ 30ರಂದು ಧಾರವಾಡದಲ್ಲಿ ಜನಿಸಿದರು. ಉಚ್ಚ ಶಿಕ್ಷಣ ಪಡೆದು ಕೆಲಕಾಲ ಅಧ್ಯಾಪನ ಮಾಡಿ, ಅಸಹಕಾರದ ಕರೆ ಬಂದಾಗ ಆ ದಾರಿಯನ್ನು ಬಿಟ್ಟರು. 1921ರಲ್ಲಿ ಕರ್ಮವೀರ ವಾರಪತ್ರಿಕೆಯನ್ನು ಆರಂಭಿಸಿದರು. ಸೆರೆಮನೆಯ ಪರಿಚಯವೂ ಬೇಗನೆ ಆಯಿತು. ಸಂಯುಕ್ತ ಕರ್ನಾಟಕದ ಸ್ಥಾಪಕರಲ್ಲಿಯೂ ಒಬ್ಬರಾದರು. ಸೆರೆವಾಸದ ವರ್ಷಗಳು ಅವರಿಗೆ ಅಧ್ಯಯನದ ವರ್ಷಗಳೂ ಆದವು. ಉಪನಿಷತ್ತು, ಶರಣರ ವಚನಗಳು, ಹರಿದಾಸರ ಪದಗಳು, ಶ್ರೀ ಅರವಿಂದರ ಯೋಗ ಇವುಗಳಲ್ಲಿ ಅವರ ಮನಸ್ಸು ನೆಲೆಗೊಂಡಿತು. ಅಂತರಾತ್ಮನಿಗೆ, ವಚನಶಾಸ್ತ್ರ ರಹಸ್ಯ ಮೊದಲಾದ ಕೃತಿಗಳು ಅದೇ ಮನಸ್ಸಿನ ಫಲ. 1938ರಲ್ಲಿ ಬಳ್ಳಾರಿಯಲ್ಲಿ ನಡೆದ ಸಾಹಿತ್ಯ ಸಮ್ಮೇಲನಕ್ಕೆ ಅವರೇ ಅಧ್ಯಕ್ಷರು. ಇಂಥ ಅಂತರ್ಮುಖಿಯಾದ ವ್ಯಕ್ತಿಯೇ ನಾಲ್ಕು ವರ್ಷಗಳ ತರುವಾಯ ಪೋಲೀಸರ ಕಣ್ಣು ತಪ್ಪಿಸಿ ನೆಲೆಯಿಂದ ನೆಲೆಗೆ ಅಲೆಯಬೇಕಾಯಿತೆಂಬುದನ್ನು ನೆನೆದರೆ, ಆ ಕಾಲ ಮನುಷ್ಯನಿಂದ ಏನನ್ನು ಬೇಡಿತೆಂಬುದು ತಿಳಿದೀತು.

1942ನ್ನು ಅರಿಯಲು ನಮ್ಮ ಸೀಮೆಯಲ್ಲಿ ಅದಕ್ಕೆ ಹತ್ತು ವರ್ಷ ಮೊದಲು ನಡೆದದ್ದನ್ನು ನೆನೆಯಬೇಕು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯಿದೆ ಮುರಿಯಿತು. ಅದರ ಬೆನ್ನಿಗೆ ಅಂಕೋಲೆ ಮತ್ತು ಸಿದ್ದಾಪುರ ತಾಲೂಕುಗಳು ಕರನಿರಾಕರಣೆಗೆ ಇಳಿದವು. ದಿವಾಕರರು ಆಗ ಕರ್ನಾಟಕ ಪ್ರಾಂತಿಕ ಕಾಂಗ್ರೆಸ್ಸಿನ ಪ್ರಮುಖ ಮುಂದಾಳುಗಳಲ್ಲಿ ಒಬ್ಬರು. ಸರಕಾರ ತಾಮ್ರದ ಹಂಡೆಯಿಂದ ಕೊಟ್ಟಿಗೆಯ ದನದವರೆಗೆ ಜಪ್ತಿ ಮಾಡಿತು. ಅಷ್ಟಕ್ಕೂ ಜನ ಮಣಿಯದಾಗ ತೋಟಗದ್ದೆಗಳನ್ನೇ ಲಿಲಾವು ಹಾಕಿತು. ಲಿಲಾವಿನಲ್ಲಿ ಭೂಮಿ ಹಿಡಿದವರ ಮನೆಯ ಮುಂದೆ ಸಿದ್ದಾಪುರದ ಹೆಣ್ಣುಮಕ್ಕಳು ಉಪವಾಸ ಕುಳಿತರು. ಮಾವಿನಗುಂಡಿಯ ಆ ಸತ್ಯಾಗ್ರಹವನ್ನು ನಮ್ಮ ಊರುಗಳಲ್ಲಿ ಇಂದಿಗೂ ಕೈಮುಗಿದು ನೆನೆಯುತ್ತಾರೆ. ಭೂಮಿ ಕೊಂಡವನನ್ನು ಬೈಯಲಿಲ್ಲ, ಅವನ ಬೆಳೆಗೆ ಬೆಂಕಿಯಿಡಲಿಲ್ಲ. ಅವನ ಅಂಗಳದಲ್ಲಿ ಹಸಿದು ಕುಳಿತರು.

ಆ ಹೋರಾಟದ ಬಲವಿದ್ದದ್ದು ಅದರ ಬಯಲುತನದಲ್ಲಿ. ಯಾರು ಕರ ಕೊಡುವುದಿಲ್ಲವೆಂಬುದು ಸರಕಾರಕ್ಕೆ ಗೊತ್ತಿತ್ತು. ಗೊತ್ತಾಗಬೇಕೆಂಬುದೇ ಸತ್ಯಾಗ್ರಹಿಯ ಇಚ್ಛೆಯಾಗಿತ್ತು. ಆದರೂ ದಮನ ಹೆಚ್ಚಿದಂತೆ ದೇಶದ ಹಲವೆಡೆ ಗುಪ್ತ ಪತ್ರಿಕೆ, ಗುಪ್ತ ಸಂಚಾರಗಳು ಚಳುವಳಿಯೊಳಗೆ ಸೇರಿಕೊಂಡವು. 1933ರಲ್ಲಿ ಗಾಂಧೀಜಿ ಇಂಥ ಗುಪ್ತಕ್ರಮಗಳನ್ನು ಕೈಬಿಡಬೇಕೆಂದು ಸ್ಪಷ್ಟವಾಗಿ ಸಾರಿದರು. ಗುಟ್ಟು ಬಂದಲ್ಲಿ ಭಯ ಬರುತ್ತದೆ, ಭಯ ಬಂದಲ್ಲಿ ಸಾಮಾನ್ಯ ಜನ ದೂರ ಸರಿಯುತ್ತಾರೆ ಎಂಬುದು ಅವರ ಅನುಭವ. 1934ರಲ್ಲಿ ಹರಿಜನ ಯಾತ್ರೆಯಲ್ಲಿ ಅವರು ನಮ್ಮ ಜಿಲ್ಲೆಗೆ ಬಂದರು. ಶಿರಸಿ, ಸಿದ್ದಾಪುರಗಳ ಜನ ಅವರನ್ನು ಕಣ್ಣಾರೆ ಕಂಡರು. ಖೇರರ ಕಾಂಗ್ರೆಸ್ ಮಂತ್ರಿಮಂಡಲ ಮುಂಬಯಿ ಪ್ರಾಂತದಲ್ಲಿ ಅಧಿಕಾರಕ್ಕೆ ಬಂದ ತರುವಾಯ, 1938ರ ಕಾಯಿದೆಯಿಂದ, ಹೋದ ಭೂಮಿಗಳು ಮರಳುವ ದಾರಿ ತೆರೆಯಿತು. ಬಯಲಿನಲ್ಲಿ ನಿಂತು ಕಳೆದುಕೊಂಡದ್ದು ಬಯಲಿನಲ್ಲಿಯೇ ಹಿಂದಿರುಗಿತು. ಅಜ್ಜನ ಗೆಳೆಯರ ನಂಬಿಕೆಗೆ ಈ ಮಣ್ಣೇ ಸಾಕ್ಷಿ.

1942ರ ಪರಿಸ್ಥಿತಿ ಬೇರೆ. ಜಗತ್ತು ಯುದ್ಧದಲ್ಲಿತ್ತು. ಜಪಾನೀಯರು ಬರ್ಮಾ ಹಿಡಿದಿದ್ದರು. ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತ್ತು. ಫ್ಯಾಸಿಸ್ಟರ ವಿರುದ್ಧ ಕಾದುತ್ತಿರುವ ಬ್ರಿಟನ್ನಿಗೆ ಈ ಹೊತ್ತಿನಲ್ಲಿ ಅಡ್ಡಿಪಡಿಸುವುದು ಸರಿಯೇ ಎಂಬಲ್ಲಿಂದಲೇ ಗೆಳೆಯರಲ್ಲಿ ಬಿರುಕು ಕಾಣಿಸಿತ್ತು. ಮಾನವೇಂದ್ರನಾಥ ರಾಯರ ಅನುಯಾಯಿಗಳೂ ಕಮ್ಯೂನಿಸ್ಟರೂ ಸಲ್ಲದೆಂದರು. ಆಗಸ್ಟ್ 8ರಂದು ಮುಂಬಯಿಯಲ್ಲಿ ಕಾಂಗ್ರೆಸ್ಸು ಬ್ರಿಟಿಷರಿಗೆ ತೊಲಗಿರೆಂದು ಹೇಳುವ ಠರಾವು ಮಾಡಿತು. ಮರುದಿನ ನಸುಕಿನಲ್ಲಿ ಗಾಂಧೀಜಿಯೂ ಕಾರ್ಯಕಾರಿಣಿಯವರೂ ಬಂದಿಗಳಾದರು. ಮುಂದೇನು ಮಾಡಬೇಕೆಂದು ವಿವರವಾಗಿ ಹೇಳುವವರೇ ಹೊರಗೆ ಇಲ್ಲದಂತಾಯಿತು.

ಹೊರಗೆ ಉಳಿದ ಕೆಲವರಲ್ಲಿ ದಿವಾಕರರೊಬ್ಬರು. ಅವರು ಭೂಗತರಾದರು. ಸುಚೇತಾ ಕೃಪಲಾನಿ, ಸಾದಿಕ್ ಅಲಿ, ಅಚ್ಯುತ ಪಟವರ್ಧನ, ರಾಮಮನೋಹರ ಲೋಹಿಯಾ, ಅರುಣಾ ಆಸಫ್ ಅಲಿ ಇವರೊಡನೆ ಅಖಿಲ ಭಾರತದ ಭೂಗತ ಸಂಘಟನೆಯಲ್ಲಿ ಭಾಗಿಯಾದರು. ಕರ್ನಾಟಕದ ಹೋರಾಟಕ್ಕೂ ದಿಕ್ಕು ತೋರುವ ಹೊಣೆ ಅವರದಾಯಿತು. ತಂತಿಗಳು ಕತ್ತರಿಸಿದವು, ರೈಲು ನಿಲ್ದಾಣಗಳು ಹೊತ್ತಿದವು, ಹಳ್ಳಿಯ ಚಾವಡಿಗಳಲ್ಲಿ ದಫ್ತರು ಬೂದಿಯಾಯಿತು. ಪ್ರಾಣಹಾನಿ ಕೂಡದು, ಆದರೆ ಸರಕಾರದ ಯಂತ್ರ ನಡೆಯಗೊಡಬಾರದು ಎಂಬುದು ಇಲ್ಲಿಯ ಗೆರೆ. ಸಿದ್ದಾಪುರದ ಹೋರಾಟ ಗೊತ್ತಿದ್ದವರಿಗೆ ಈ ಗೆರೆ ಎಷ್ಟು ತೆಳುವಾದುದೆಂದು ಬೇರೆ ಹೇಳಬೇಕಾಗಿಲ್ಲ. ಕಿತ್ತ ಹಳಿಯ ಮೇಲೆ ಮುಂದೆ ಬರುವ ಗಾಡಿಯಲ್ಲಿ ಯಾರಿದ್ದಾರೆಂದು ಕಿತ್ತವನಿಗೆ ತಿಳಿಯದು.

ಈ ಗೆರೆ ಎಳೆದವರು ದಿವಾಕರರೊಬ್ಬರೇ ಅಲ್ಲ. ಗಾಂಧೀಜಿಯ ಬಂಧನದ ತರುವಾಯ ಹರಿಜನ ಪತ್ರಿಕೆಯ ಹೊಣೆ ಹೊತ್ತ ಕಿಶೋರಲಾಲ ಮಶ್ರುವಾಲಾ ಎಂಥ ಸಾತ್ವಿಕರೆಂಬುದು ಎಲ್ಲರಿಗೂ ಗೊತ್ತು. ಅವರು ಕೂಡ, ಜೀವಕ್ಕೆ ಅಪಾಯವಾಗದಂತೆ ನೋಡಿಕೊಂಡರೆ ತಂತಿ ಕತ್ತರಿಸುವುದು, ಹಳಿ ಕೀಳುವುದು ಅಹಿಂಸೆಯ ಮೇರೆಯೊಳಗೆ ಬರಬಹುದೆಂದು 1942ರ ಆಗಸ್ಟಿನಲ್ಲಿ ತಮ್ಮ ಸ್ವಂತ ಅಭಿಪ್ರಾಯವಾಗಿ ಬರೆದರು. ಸರಕಾರ ಅವರನ್ನೂ ಸೆರೆಗೆ ಕಳಿಸಿತು. ಗಾಂಧೀಜಿಗೆ ಆ ಅಭಿಪ್ರಾಯ ಒಪ್ಪಿಗೆಯಾಗಲಿಲ್ಲ. ಯುದ್ಧಕಾಲದ ಒತ್ತಡ ಎಂಥ ನಿಷ್ಠಾವಂತನ ತಕ್ಕಡಿಯನ್ನೂ ತುಸು ಓಲಿಸುತ್ತದೆಂಬುದಕ್ಕೆ ಇದೊಂದು ನಿದರ್ಶನ.

ಇನ್ನೊಂದು ಬದಿಯಲ್ಲಿ ಸಮಾಜವಾದಿ ಮಿತ್ರರಿದ್ದರು. ಜಯಪ್ರಕಾಶ ನಾರಾಯಣರು 1942ರ ನವಂಬರಿನಲ್ಲಿ, ದೀಪಾವಳಿಯ ರಾತ್ರಿ, ಹಜಾರಿಬಾಗ ಸೆರೆಮನೆಯ ಗೋಡೆ ಹಾರಿ ಬಂದು ಹೋರಾಟಗಾರರಿಗೆ ಬಹಿರಂಗ ಪತ್ರ ಬರೆದರು. ಅವರ ತರ್ಕವನ್ನು ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ. ಸ್ವಾತಂತ್ರ್ಯ ಕೊಟ್ಟರೆ ಮಿತ್ರರಾಷ್ಟ್ರಗಳ ಪಕ್ಷದಲ್ಲಿ ಶಸ್ತ್ರ ಹಿಡಿದು ಕಾದುವೆವೆಂದು ಕಾಂಗ್ರೆಸ್ಸೇ ಹೇಳಿತ್ತಲ್ಲ. ಹಾಗಿದ್ದ ಮೇಲೆ ಜಪಾನಿನ ವಿರುದ್ಧ ಸಲ್ಲುವ ಶಸ್ತ್ರ ಬ್ರಿಟನ್ನಿನ ವಿರುದ್ಧ ಏಕೆ ಸಲ್ಲದು? ಅಹಿಂಸೆ ಕಾಂಗ್ರೆಸ್ಸಿಗೆ ನೀತಿಯಾಗಿತ್ತೇ ಹೊರತು ಗಾಂಧೀಜಿಗಿದ್ದಂತೆ ಪರಮಧರ್ಮವಾಗಿರಲಿಲ್ಲವೆಂಬುದು ನಿಜವೇ. ಈ ವಾದಕ್ಕೆ ದಿವಾಕರ, ಸುಚೇತಾ ಮೊದಲಾದ ಗಾಂಧಿಮಾರ್ಗದವರು ಒಲಿಯಲಿಲ್ಲ. ಹೀಗೆ ಒಂದೇ ಅಡಗುದಾಣದ ಅನ್ನವನ್ನುಂಡು, ಒಂದೇ ಅಪಾಯವನ್ನು ಹಂಚಿಕೊಂಡ ಒಡನಾಡಿಗಳು ಎರಡು ದಾರಿಗಳ ಕಡೆ ಮುಖಮಾಡಿ ನಿಂತರು. ಶತ್ರುವಿನೊಡನೆ ವಾದಿಸುವಾಗ ನಮಗೆ ನಮ್ಮ ಸತ್ಯ ನಿಚ್ಚಳವಾಗಿರುತ್ತದೆ. ನಮಗಾಗಿ ಪ್ರಾಣ ಕೊಡಲು ಸಿದ್ಧನಾದ ಗೆಳೆಯನೊಡನೆ ವಾದಿಸುವಾಗ ಅದು ಹಾಗಿರುವುದಿಲ್ಲ.

ಕರ್ನಾಟಕದ ಮಟ್ಟಿಗೆ ಈ ವಾದಕ್ಕೆ ರಕ್ತದ ಬೆಲೆ ತೆರಬೇಕಾಯಿತು. ಬನವಾಸಿಯಾಚೆಯ ಹಾವೇರಿ ಸೀಮೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ದಾಂಡಿಯಾತ್ರೆಯಲ್ಲಿ ಗಾಂಧೀಜಿಯ ಹಿಂದೆ ಹೆಜ್ಜೆಯಿಟ್ಟ ಕನ್ನಡಿಗ. ಅದೇ ಮಹಾದೇವ ಚಲೇಜಾವ್ ಕಾಲದಲ್ಲಿ ತಂಡ ಕಟ್ಟಿಕೊಂಡು ಸರಕಾರದ ಕಂದಾಯದ ಹಣದ ಮೇಲೆ ದಾಳಿಯಿಡತೊಡಗಿದ. 1943ರ ಏಪ್ರಿಲ್ 1ರಂದು ಹೊಸರಿತ್ತಿಯ ವೀರಭದ್ರನ ಗುಡಿಯಲ್ಲಿ ಇರಿಸಿದ್ದ ಕಂದಾಯದ ಹಣಕ್ಕಾಗಿ ಹೋದಾಗ, ಕಾವಲಿನವರ ಗುಂಡಿಗೆ ಅವನೂ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠರೂ ಬಲಿಯಾದರು. ಮಹಾದೇವನಿಗೆ ಆಗ ಮೂವತ್ತೆರಡೂ ತುಂಬಿರಲಿಲ್ಲ. ಉಪ್ಪು ಹಿಡಿದ ಕೈ ದಾಳಿಗೆ ಇಳಿದದ್ದನ್ನು ತಪ್ಪೆನ್ನಲು ನನಗೆ ನಾಲಗೆ ಬರುವುದಿಲ್ಲ. ಅದು ದಾಂಡಿಯ ದಾರಿಯೇ ಎಂದು ಹೇಳಲೂ ಬರುವುದಿಲ್ಲ. ನಾಡಿನ ಹೋರಾಟದ ಹೊಣೆ ಹೊತ್ತಿದ್ದ ದಿವಾಕರರ ಹೃದಯದಲ್ಲಿ ಇಂಥ ಮರಣಗಳ ಭಾರ ಎಷ್ಟಿದ್ದೀತೆಂಬುದನ್ನು ವಾಚಕರೇ ಊಹಿಸಬೇಕು. ಅದೇ ವರ್ಷದ ಫೆಬ್ರುವರಿಯಲ್ಲಿ ಆಗಾಖಾನ ಅರಮನೆಯ ಸೆರೆಯಲ್ಲಿ ಗಾಂಧೀಜಿ ಇಪ್ಪತ್ತೊಂದು ದಿನ ಉಪವಾಸ ಮಾಡಿದ್ದರು. ಹೊರಗಿನ ಗಲಭೆಗೆ ಕಾಂಗ್ರೆಸ್ಸೇ ಕಾರಣವೆಂಬ ಸರಕಾರದ ಆರೋಪ ಆ ಉಪವಾಸದ ಹಿನ್ನೆಲೆಯಲ್ಲಿತ್ತು.

1944ರ ಮೇ 6ರಂದು ಗಾಂಧೀಜಿಯ ಬಿಡುಗಡೆಯಾಯಿತು. ಸೆರೆಯಲ್ಲಿ ಅವರು ಮಹಾದೇವ ದೇಸಾಯಿಯವರನ್ನೂ ಕಸ್ತೂರಬಾ ಅವರನ್ನೂ ಕಳೆದುಕೊಂಡಿದ್ದರು. ಭೂಗತರ ಧೈರ್ಯತ್ಯಾಗಗಳನ್ನು ಅವರು ಮನಸಾರೆ ಮೆಚ್ಚಿದರು. ಆದರೆ ಗುಪ್ತತೆ ತಮ್ಮ ಸತ್ಯಾಗ್ರಹಕ್ಕೆ ಹೊಂದದೆಂದೂ, ಅಡಗಿರುವವರು ಬಯಲಿಗೆ ಬಂದು ತಮ್ಮನ್ನು ಒಪ್ಪಿಸಿಕೊಳ್ಳುವುದೇ ಲೇಸೆಂದೂ ಸಲಹೆ ಮಾಡಿದರು. ಅರುಣಾ ಆಸಫ್ ಅಲಿಯವರ ಆರೋಗ್ಯ ಆಗ ತೀರ ಕೆಟ್ಟಿತ್ತು. ಅವರನ್ನು ಹಿಡಿದುಕೊಟ್ಟವರಿಗೆ ಐದು ಸಾವಿರ ರೂಪಾಯಿ ಬಹುಮಾನವನ್ನು ಸರಕಾರ ಸಾರಿತ್ತು. ತಾವೇ ಹೋಗಿ ಒಪ್ಪಿಸಿಕೊಂಡು, ಆ ಬಹುಮಾನವನ್ನು ತಾವೇ ಪಡೆದು ಹರಿಜನ ಕಾರ್ಯಕ್ಕೆ ಕೊಡಬೇಕೆಂದು ಗಾಂಧೀಜಿ ಆಕೆಗೆ ವಾತ್ಸಲ್ಯದಿಂದ ಬರೆದರು. ಆಕೆ ಒಪ್ಪಲಿಲ್ಲ. 1946ರಲ್ಲಿ ವಾರಂಟು ರದ್ದಾಗುವವರೆಗೆ ಅಡಗಿಯೇ ಇದ್ದು, ಸೋಲದೆ ಹೊರಬಂದರು. ಅಚ್ಯುತ ಪಟವರ್ಧನರೂ 1946ರವರೆಗೆ ಸರಕಾರದ ಕೈಗೆ ಸಿಗಲಿಲ್ಲ.

ದಿವಾಕರರು ಗಾಂಧೀಜಿಯ ಮಾತನ್ನು ಸ್ವೀಕರಿಸಿದರು. 1944ರಲ್ಲಿಯೇ ತಾವಾಗಿ ಬಯಲಿಗೆ ಬಂದು ಸರಕಾರದ ಕೈಗೆ ತಮ್ಮನ್ನು ಒಪ್ಪಿಸಿಕೊಂಡು ಮತ್ತೆ ಸೆರೆಮನೆಗೆ ನಡೆದರು.

ಈ ನಡೆಯನ್ನು ಟೀಕಿಸುವುದು ಕಷ್ಟವಲ್ಲ. 1944ರ ಹೊತ್ತಿಗೆ ಚಳುವಳಿಯ ಕಾವು ಇಳಿದಿತ್ತು; ಕಳೆದುಕೊಳ್ಳಲು ಹೆಚ್ಚೇನೂ ಉಳಿದಿರದಾಗ ನೀತಿ ಹಗುರವಾಗುತ್ತದೆ ಎನ್ನಬಹುದು. ಅಡಗಿಯೇ ಇದ್ದ ಅರುಣಾ ಅವರ ಛಲ ತರುಣರಿಗೆ ಹೆಚ್ಚು ಸ್ಫೂರ್ತಿ ಕೊಟ್ಟಿತೆನ್ನಬಹುದು. ಅಲ್ಲದೆ ತಂತಿ ಕತ್ತರಿಸಿದ ಹಳ್ಳಿಯ ಹುಡುಗನಿಗೆ ಮುಂದಾಳುವಿನ ಶರಣಾಗತಿಯಿಂದ ಏನನ್ನಿಸಿರಬಹುದೆಂಬ ಪ್ರಶ್ನೆಯೂ ಇದೆ. ಇವೆಲ್ಲವೂ ನ್ಯಾಯವಾದ ಆಕ್ಷೇಪಗಳೇ. ನನ್ನ ವಿದ್ಯಾರ್ಥಿಗಳು ಇವನ್ನೆಲ್ಲ ಎತ್ತಿದ್ದುಂಟು. ಪೂರ್ತಿ ಸಮಾಧಾನ ಹೇಳಲು ನನ್ನಿಂದಾಗಿಲ್ಲ.

ಆದರೂ ನನಗೆ ತೋರುವುದು ಹೀಗೆ. ಯುದ್ಧಕಾಲದಲ್ಲಿ ಮನುಷ್ಯ ತನ್ನ ವ್ರತಕ್ಕೆ ಮೀರಿದ ಕೆಲಸ ಮಾಡಬೇಕಾಗಿ ಬರಬಹುದು. ಮಾಡಿದ ಮೇಲೆ ಅವನೆದುರು ಎರಡು ಪ್ರಲೋಭನೆಗಳಿರುತ್ತವೆ. ಮಾಡಲೇ ಇಲ್ಲವೆನ್ನುವುದು ಒಂದು. ಮಾಡಿದ್ದೇ ಧರ್ಮವೆಂದು ಧರ್ಮದ ಅರ್ಥವನ್ನೇ ತಿದ್ದುವುದು ಇನ್ನೊಂದು. ಎರಡನೆಯದು ಹೆಚ್ಚು ಅಪಾಯಕಾರಿ, ಏಕೆಂದರೆ ಅದು ಮುಂದಿನವರ ಅಳತೆಗೋಲನ್ನೇ ಕೆಡಿಸುತ್ತದೆ. ದಿವಾಕರರು ಎರಡಕ್ಕೂ ಒಳಗಾಗಲಿಲ್ಲ. ಎರಡು ವರ್ಷ ಭೂಗತರಾಗಿದ್ದದ್ದನ್ನು ಬಚ್ಚಿಡಲಿಲ್ಲ. ಅದೇ ಶುದ್ಧ ಸತ್ಯಾಗ್ರಹವೆಂದು ಸಾಧಿಸಲೂ ಹೋಗಲಿಲ್ಲ. ಸತ್ಯಾಗ್ರಹದ ತಂತ್ರ ಮತ್ತು ಇತಿಹಾಸವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1946ರಲ್ಲಿ ಹೊರಬಂದಿತು. ಸತ್ಯಾಗ್ರಹವನ್ನು ಒಂದು ಶಾಸ್ತ್ರವಾಗಿ ವಿವರಿಸಲು ಮಾಡಿದ ಆ ಯತ್ನವನ್ನು ಓದುವಾಗಲೆಲ್ಲ, ಬರೆದವರು ಅದರ ಮೇರೆಯನ್ನು ತಾವೇ ಮುಟ್ಟಿ ಬಂದವರೆಂಬುದು ನನ್ನ ನೆನಪಿನಲ್ಲಿರುತ್ತದೆ.

ಸ್ವಾತಂತ್ರ್ಯದ ತರುವಾಯದ ಬಾಳನ್ನು ಸಂಕ್ಷೇಪವಾಗಿ ಹೇಳಬಹುದು. ಸಂವಿಧಾನ ಸಭೆಯ ಸದಸ್ಯರಾಗಿ, 1948ರಿಂದ 1952ರವರೆಗೆ ಕೇಂದ್ರದಲ್ಲಿ ವಾರ್ತೆ ಮತ್ತು ಪ್ರಸಾರದ ಮಂತ್ರಿಯಾಗಿ, 1952ರಿಂದ 1957ರವರೆಗೆ ಬಿಹಾರದ ರಾಜ್ಯಪಾಲರಾಗಿ ಕೆಲಸ ಮಾಡಿದರು. ಅನಂತರ ಗಾಂಧಿ ಶಾಂತಿ ಪ್ರತಿಷ್ಠಾನದ ಹೊಣೆ ಹೊತ್ತರು. 1962ರ ಸಪ್ಟಂಬರಿನಲ್ಲಿ ರಾಜಾಜಿ, ಬಿ. ಶಿವರಾವ್ ಇವರೊಡನೆ ಅಮೆರಿಕೆಗೆ ಹೋಗಿ, ಅಣ್ವಸ್ತ್ರ ಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ಅಧ್ಯಕ್ಷ ಕೆನಡಿಯವರನ್ನು ಕಂಡು ಬಿನ್ನವಿಸಿದರು. ಮರುತಿಂಗಳೇ ನಮ್ಮ ಗಡಿಯಲ್ಲಿ ಚೀನಾದೊಡನೆ ಯುದ್ಧ ಹೊತ್ತಿಕೊಂಡಿತು. ಶಾಂತಿಯ ಮಾತಾಡುವವರನ್ನು ಕಾಲ ಹೀಗೆಯೇ ಪರೀಕ್ಷಿಸುತ್ತದೆ. ಭೂಗತದ ದಿನಗಳ ಒಡನಾಡಿ ಅಚ್ಯುತ ಪಟವರ್ಧನರು 1950ರ ಸುಮಾರಿಗೆ ರಾಜಕಾರಣವನ್ನೇ ತೊರೆದು, ಕೃಷ್ಣಮೂರ್ತಿಯವರ ವಿಚಾರಗಳ ಕಡೆಗೆ ತಿರುಗಿ, ಮೌನವಾಗಿ ಬಾಳಿದರು. ಶಸ್ತ್ರದ ಕಡೆ ವಾಲಿದ್ದ ಪಕ್ಷದವರು ಅಧಿಕಾರದಿಂದ ದೂರ ಸರಿದರು; ಅಹಿಂಸೆಯ ಪಕ್ಷದವರು ರಾಜ್ಯದ ಅಧಿಕಾರವನ್ನು ಹೊತ್ತರು. ಯಾರ ಬಾಳನ್ನೂ ಒಂದು ವರ್ಷದ ವಾದದಿಂದ ಅಳೆಯಲಾಗದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ದಿವಾಕರರು 1990ರ ಜನವರಿಯಲ್ಲಿ, ತೊಂಬತ್ತೈದರ ತುಂಬು ವಯಸ್ಸಿನಲ್ಲಿ, ತೀರಿಕೊಂಡರು.

ಇನ್ನು ಜಗಲಿಯ ವಾದದ ಕೊನೆ. ಯಲ್ಲಾಪುರದ ಗೆಳೆಯರು ಹಾಸಿಗೆ ಹಿಡಿದಿದ್ದಾರೆಂದು ಕೇಳಿ ಅಜ್ಜ ನನ್ನನ್ನು ಕರೆದುಕೊಂಡು ಶಿರಸಿಯ ಮೇಲೆ ಬಸ್ಸಿನಲ್ಲಿ ಹೋದರು. ದಾರಿಯುದ್ದಕ್ಕೂ ಅವರು ಮಾತಾಡಲಿಲ್ಲ. ಹಾಸಿಗೆಯ ಬಳಿ ಕುಳಿತು, ತಾವು ಅಂದು ಹೇಳಿದ್ದು ಸುಳ್ಳೇ ಎಂದು ಒಪ್ಪಿಕೊಂಡರು. ಅಂಥದೇ ರಾತ್ರಿ ಬಂದರೆ ಮತ್ತೆ ಹೇಳುವೆನೆಂದೂ, ಆದರೆ ಅದನ್ನು ಸತ್ಯವೆಂದು ಮಾತ್ರ ಇನ್ನು ವಾದಿಸುವುದಿಲ್ಲವೆಂದೂ ಹೇಳಿದರು. ಗೆಳೆಯರು ಬಹಳ ಹೊತ್ತು ಸೂರನ್ನು ನೋಡುತ್ತ ಮಲಗಿದ್ದರು. ಆ ರಾತ್ರಿ ಹುಡುಗ ತನ್ನ ಮನೆಯ ಬಾಗಿಲಿಗೆ ಬರಲಿಲ್ಲ, ಆದ್ದರಿಂದಲೇ ತನಗೆ ಇಷ್ಟು ವರ್ಷ ಗಟ್ಟಿಯಾಗಿ ಮಾತಾಡಲು ಸಾಧ್ಯವಾಯಿತೆಂದು ಕೊನೆಗೆ ಮೆಲ್ಲನೆ ನುಡಿದರು. ಅಜ್ಜ ಎಲೆಗೆ ಸುಣ್ಣ ಹಚ್ಚಿ, ಎಳೆಯ ಅಡಕೆಯ ಹೋಳೊಂದನ್ನು ಆರಿಸಿ, ಗೆಳೆಯರ ಕೈಗೆ ಕವಳ ಕೊಟ್ಟರು.